ದೀಪದಕ್ಕನ ಕೈಗುಣ

ಮಕ್ಕಳು ಅವಳನ್ನು ದೀಪದಕ್ಕ ಎಂದು ಕರೆಯುತ್ತಿದ್ದರು. ಅವಳು ಆರೋಗ್ಯ ಇಲಾಖೆಯ ನರ್ಸ್. ಆದರೆ ಸೂಜಿ, ಮಾತ್ರೆ, ಬ್ಯಾಂಡೇಜುಗಳ ಸಹವಾಸ ಬಿಟ್ಟು ಒಂಬತ್ತು ವರ್ಷವಾಗಿತ್ತು. ಶಾಲೆಯಿಂದ ಶಾಲೆಗೆ ಹೋಗಿ, ರೋಗ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ಅದನ್ನು ನಡುದಾರಿಯಲ್ಲೇ ಹೇಗೆ ತಡೆಯಬಹುದು ಎಂದು ಮಕ್ಕಳಿಗೆ ಹೇಳಿಕೊಡುವುದು ಅವಳ ಕೆಲಸ.

ಆ ಪಾಠ ಶುರುವಾಗುತ್ತಿದ್ದುದು ಒಂದು ಬಿಳಿ ಪುಡಿಯಿಂದ. ಬೆಳಿಗ್ಗೆ ತರಗತಿಗೆ ಬಂದವಳೇ ಎಲ್ಲರ ಕೈ ಕುಲುಕುವ ನೆಪದಲ್ಲಿ ಯಾವುದೋ ಒಂದು ಮಗುವಿನ ಅಂಗೈಗೆ ಮಾತ್ರ ಅದನ್ನು ಸವರಿಬಿಡುತ್ತಿದ್ದಳು. ಯಾರ ಕೈಗೆ ಎಂದು ಹೇಳುತ್ತಿರಲಿಲ್ಲ. ಆಮೇಲೆ ಒಂದು ಗಂಟೆ ಮಕ್ಕಳು ಬರೆಯಬೇಕು, ಪೆನ್ಸಿಲ್ ಹಂಚಿಕೊಳ್ಳಬೇಕು, ಆಡಬೇಕು, ನೀರು ಕುಡಿಯಬೇಕು. ಅಷ್ಟರಲ್ಲಿ ಅವಳು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಬಾಗಿಲ ಸಂದಿಗೆ ಒಂದು ಚೀಲ ತುರುಕಿ, ಹಾಡಹಗಲಲ್ಲೇ ಕೋಣೆಯನ್ನು ಕತ್ತಲು ಮಾಡಿರುತ್ತಿದ್ದಳು. ಮಕ್ಕಳು ಒಬ್ಬರನ್ನೊಬ್ಬರು ತಡಕುತ್ತ ಒಳಗೆ ಬಂದು ಕೂತು, ಕಿಸಿಕಿಸಿ ನಗು ನಿಂತು, ಬರೀ ಉಸಿರಾಟ ಕೇಳಿಸತೊಡಗಿದಾಗ ಮೊಳದುದ್ದದ ನೀಲಿ ದೀಪ ಹೊತ್ತಿಸುತ್ತಿದ್ದಳು.

ಒಂದೇ ಅಂಗೈಯಲ್ಲಿದ್ದ, ಆ ಬೆಳಕಿಗೆ ಮಾತ್ರ ಹೊಳೆಯುವ ಪುಡಿ ಆಗ ಎಲ್ಲೆಲ್ಲೂ ಹಸಿರಾಗಿ ಉರಿಯುತ್ತಿತ್ತು. ಪೆನ್ಸಿಲ್ಲಿನ ತುದಿಯಲ್ಲಿ, ನೀರಿನ ಲೋಟದ ಅಂಚಿನಲ್ಲಿ, ಬಾಗಿಲ ಹಿಡಿಯಲ್ಲಿ. ಒಬ್ಬಳ ಜಡೆಯ ಮೇಲೆ ನಾಲ್ಕು ಬೆರಳು, ಇನ್ನೊಬ್ಬನ ಬೆನ್ನ ಮೇಲೆ ಪೂರಾ ಅಂಗೈ. ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದು ಮೂಗಿನ ಹೊಳ್ಳೆಗಳು, ತುಟಿಯ ಮೂಲೆಗಳು. ಕತ್ತಲಲ್ಲಿ ಮೂವತ್ತು ಪುಟ್ಟ ಬಾಯಿಗಳು ಹಸಿರಾಗಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದವು. ಒಂಬತ್ತು ವರ್ಷ ನೋಡಿದರೂ ಆ ಕ್ಷಣಕ್ಕೆ ಅವಳ ಮೈ ಸಣ್ಣಗೆ ಜುಮ್ಮೆನ್ನುತ್ತಿತ್ತು.

"ಇದು ಬರೀ ಪುಡಿ, ಹೆದರ್ಬೇಡಿ," ಎನ್ನುತ್ತಿದ್ದಳು. "ಕಾಯಿಲೆ ಹೋಗೋದೂ ಹಿಂಗೇ. ಅದು ಕಾಣ್ಸಲ್ಲ, ಅಷ್ಟೇ ವ್ಯತ್ಯಾಸ."

ಆಮೇಲೆ ಸೋಪು ಹಚ್ಚಿ, ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು ಎಲ್ಲ ಉಜ್ಜಿ, ಇಪ್ಪತ್ತು ಎಣಿಸುವವರೆಗೆ ಕೈ ತೊಳೆಯುವ ಪಾಠ. ಕೊನೆಯದು ಉಪ್ಪು ಸಕ್ಕರೆ ನೀರಿನ ಪಾಠ. ಭೇದಿ ಹಿಡಿದ ಮಗು ನೀರಿಲ್ಲದೆ ಬಾಡಿಹೋಗದಂತೆ ಮನೆಯಲ್ಲೇ ಏನು ಕುಡಿಸಬೇಕು ಎಂಬುದು ಅದು. ಎಲ್ಲರ ಮನೆಯಲ್ಲೂ ಅಳತೆಯ ಚಮಚ ಇರುವುದಿಲ್ಲ. ಆದ್ದರಿಂದ ಅವಳು ಕೈಯಳತೆಯನ್ನೇ ಹೇಳಿಕೊಡುತ್ತಿದ್ದಳು: ಕಾಯಿಸಿ ಆರಿಸಿದ ಎರಡು ದೊಡ್ಡ ಲೋಟ ನೀರಿಗೆ ಒಂದು ಹಿಡಿ ಸಕ್ಕರೆ, ಮೂರು ಬೆರಳಲ್ಲಿ ಎತ್ತಿದಷ್ಟು ಉಪ್ಪು. ಉಪ್ಪು ಕಣ್ಣೀರಿಗಿಂತ ಹೆಚ್ಚಾಗಬಾರದು. ರುಚಿ ಗೊತ್ತಾಗಲಿ ಎಂದು ಪ್ರತಿಯೊಂದು ಮಗುವಿಗೂ ಒಂದೊಂದು ಚಮಚ ಕುಡಿಸುತ್ತಿದ್ದಳು. ಅದಕ್ಕಾಗಿಯೇ ಮಕ್ಕಳು ಸಾಲಿನಲ್ಲಿ ನೂಕಾಡುತ್ತಿದ್ದರು.

ಮೊದಲೆಲ್ಲ ಆ ನೀರನ್ನು ಮಕ್ಕಳ ಎದುರಿಗೇ ಕಲಸುತ್ತಿದ್ದಳು. ಹೋದ ವರ್ಷ ಇಲಾಖೆ ದಿನಕ್ಕೆ ಒಂದರ ಬದಲು ಮೂರು ಶಾಲೆ ಎಂದು ಆದೇಶ ಹೊರಡಿಸಿತು. ಅಂದಿನಿಂದ ಬೆಳಿಗ್ಗೆ ಆರಕ್ಕೇ ಕಚೇರಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಕ್ಯಾನಿಗೆ ಕಲಸಿಟ್ಟುಕೊಂಡು ಹೊರಡುತ್ತಿದ್ದಳು. ಅದು ಸಂಜೆಯವರೆಗೆ ವ್ಯಾನಿನ ಹಿಂದೆ ಬಿಸಿಲಲ್ಲಿ ಕುಲುಕುತ್ತಿರುತ್ತಿತ್ತು. ವ್ಯಾನಿನ ಡ್ರೈವರ್ ನಿವೃತ್ತಿಗೆ ಹತ್ತಿರವಾಗಿದ್ದ ಮಾತುಗಾರ. ಹತ್ತು ಸಲ ಕೆಮ್ಮಿದ ಮೇಲೆ ಹೊರಡುವ ವ್ಯಾನನ್ನು 'ನಮ್ಮಜ್ಜಿ' ಎನ್ನುತ್ತಿದ್ದ. ಊರಿಗೆಲ್ಲ ಕೆಮ್ಮಿನ ಪಾಠ ಹೇಳುವವರು ಮೊದಲು ಅಜ್ಜಿಗೆ ಔಷಧಿ ಕೊಡಿಸಿ ಎಂದು ದಿನಾ ಬೆಳಿಗ್ಗೆ ತಪ್ಪದೆ ರೇಗಿಸುತ್ತಿದ್ದ.

ಜ್ವರ ಮೊದಲು ಕಾಣಿಸಿಕೊಂಡಿದ್ದು ಕಾರ್ಖಾನೆಯ ಹಿಂದಿನ ಶಾಲೆಯಲ್ಲಿ. ಅವಳು ಪಾಠ ಮಾಡಿ ಬಂದ ತಿಂಗಳೊಳಗೆ ಐದು ಮಕ್ಕಳು ಮಲಗಿದರು. ವೈದ್ಯರು ವಿಷಮಶೀತ ಜ್ವರ ಎಂದರು. ಟೈಫಾಯಿಡ್. ಎರಡು ತಿಂಗಳ ನಂತರ ನದಿ ದಡದ ಶಾಲೆಯಲ್ಲಿ ಏಳು ಮಕ್ಕಳು. ಸುದ್ದಿ ಕೇಳಿ ದೀಪದಕ್ಕ, ತಾನು ಹೇಳಿಕೊಟ್ಟಿದ್ದು ಮಕ್ಕಳ ತಲೆಗೆ ಹತ್ತಿಲ್ಲ, ತನ್ನ ಪಾಠ ಸಾಲದು ಎಂದುಕೊಂಡಳು. ರಜೆ ಬಿಟ್ಟು ಆ ಶಾಲೆಗಳಿಗೆ ಮತ್ತೆ ಹೋದಳು. ಮತ್ತೆ ಪುಡಿ, ಮತ್ತೆ ದೀಪ, ಮತ್ತೆ ಒಂದೊಂದು ಚಮಚ ನೀರು.

ಆಮೇಲೆ ನೀರಿನ ಟ್ಯಾಂಕಿನ ಪಕ್ಕದ ಶಾಲೆ. ಅಲ್ಲಿ ಮಲಗಿದ್ದೂ ಏಳು ಮಕ್ಕಳೇ. ಆರು ಮಕ್ಕಳು ಎದ್ದರು. ಏಳನೆಯವಳು ನಾಲ್ಕನೇ ತರಗತಿಯ ಹುಡುಗಿ, ಶಾಲೆಯ ಎದುರು ಬೀದಿಯ ಟೈಲರಮ್ಮನ ದೊಡ್ಡ ಮಗಳು. ಮೂರನೇ ವಾರದಲ್ಲಿ ಅವಳ ಕರುಳು ತೂತಾಯಿತು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ತೀರಿಕೊಂಡಳು.

ಎಲ್ಲರ ಕಣ್ಣೂ ಟ್ಯಾಂಕಿನ ಮೇಲೆ ಬಿತ್ತು. ಅದನ್ನು ಬರಿದು ಮಾಡಿ, ತಿಕ್ಕಿ, ನೀರನ್ನು ಎರಡೆರಡು ಸಲ ಪರೀಕ್ಷೆಗೆ ಕಳಿಸಿದರು. ನೀರು ಚೊಕ್ಕವಾಗಿತ್ತು. ಶಾಲೆಯ ಅಡುಗೆಯವರನ್ನು, ನಲ್ಲಿಗಳನ್ನು, ಗೇಟಿನ ಹೊರಗೆ ತಿಂಡಿ ಮಾರುವ ಗಾಡಿಯವನನ್ನು ಪರೀಕ್ಷಿಸಿದರು. ಎಲ್ಲೂ ಏನೂ ಸಿಗಲಿಲ್ಲ. ಜ್ವರ ಎಲ್ಲಿಂದಲೋ ಬಂತು, ಯಾರ ಕಣ್ಣಿಗೂ ಬೀಳದೆ ತರಗತಿಯೊಳಗೆ ಓಡಾಡಿತು, ಹೊರಟುಹೋಯಿತು ಎಂದು ಜನ ಮಾತಾಡಿಕೊಂಡರು.

ನಾಲ್ಕು ತಿಂಗಳು ಕಳೆದ ಮೇಲೆ ಆ ಶಾಲೆಯ ಹೆಡ್ ಮೇಡಂ ತಾವೇ ಫೋನ್ ಮಾಡಿ ದೀಪದಕ್ಕನನ್ನು ಕರೆಸಿದರು. ಮಕ್ಕಳು ಹೆದರಿಕೊಂಡಿದ್ದಾರೆ, ಒಂದು ಸಲ ಬಂದು ಧೈರ್ಯ ಹೇಳಿ ಎಂದು ಕೇಳಿಕೊಂಡರು.

ಅಂದು ವ್ಯಾನು ಅರ್ಧ ಗಂಟೆ ಮೊದಲೇ ತಲುಪಿತು. ಡ್ರೈವರ್ ನೆರಳು ಹುಡುಕಿಕೊಂಡು ಹೋದ. ದೀಪದಕ್ಕ ಒಬ್ಬಳೇ ಕಾಂಪೌಂಡಿನ ಪಕ್ಕ ನಡೆದು ಬಂದಳು. ಆಟದ ಬಿಡುವಿನ ಹೊತ್ತು, ಆದರೆ ಸದ್ದೇ ಇರಲಿಲ್ಲ. ಗೋಡೆಯ ಮೇಲಿಂದ ಇಣುಕಿ ನೋಡಿದಳು.

ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದರು. ಎದುರಿಗೆ ಒಬ್ಬ ಹುಡುಗಿ ಉದ್ದನೆಯ ಅಡಿಪಟ್ಟಿಯನ್ನು ದೀಪದ ಹಾಗೆ ಎತ್ತಿ ಹಿಡಿದಿದ್ದಳು. ಅವಳು ಸಾಲಿನುದ್ದಕ್ಕೂ ನಿಧಾನವಾಗಿ ನಡೆದು, ಒಬ್ಬೊಬ್ಬರ ಮುಖಕ್ಕೂ ಅಡಿಪಟ್ಟಿ ಹಿಡಿದು, ಆಮೇಲೆ ಮೂರು ಬೆರಳು ಜೋಡಿಸಿ, ಏನನ್ನೋ ಕುಡಿಸುವಂತೆ ಅವರ ತುಟಿಗೆ ತಾಗಿಸುತ್ತಿದ್ದಳು. ತಾಗಿಸಿಕೊಂಡವರು ಗುಟುಕರಿಸುತ್ತಿದ್ದರು. ಎರಡು ಹೆಜ್ಜೆ ನಡೆದು, ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದರು. ಯಾರೂ ನಗುತ್ತಿರಲಿಲ್ಲ, ಮಲಗಿದವರು ಮಿಸುಕುತ್ತಲೂ ಇರಲಿಲ್ಲ. ಕೊನೆಯವನೂ ಮಲಗಿದ ಮೇಲೆ ಅಡಿಪಟ್ಟಿಯ ಹುಡುಗಿ ಒಬ್ಬಳೇ ನಿಂತು ಸುತ್ತ ನೋಡಿದಳು.

"ಇನ್ಯಾರಾದ್ರೂ ಇದ್ದೀರಾ?" ಎಂದು ಕೇಳಿದಳು.

ಹುಡುಗಿ ತಲೆಯೆತ್ತಿದಾಗ ಗೋಡೆಯ ಮೇಲೆ ದೀಪದಕ್ಕನ ಮುಖ ಕಂಡಿತು.

ಆ ಹುಡುಗಿಯನ್ನು ಎಲ್ಲರೂ 'ಯಾಕೆ' ಎಂದೇ ಕರೆಯುತ್ತಿದ್ದರು. ಬಾಯಿ ಬಿಟ್ಟರೆ ಯಾಕೆ ಎಂಬ ಮಾತೇ ಬರುತ್ತಿದ್ದುದರಿಂದ ಆ ಹೆಸರು. ತೀರಿಹೋದ ಹುಡುಗಿಯ ಪಕ್ಕದಲ್ಲಿ ಕೂರುತ್ತಿದ್ದವಳು ಅವಳೇ. ದೀಪದಕ್ಕ ಒಳಗೆ ಬಂದು, ಇದು ಯಾವ ಆಟ ಎಂದು ನಗುತ್ತಲೇ ಕೇಳಿದಳು. ದೀಪದಕ್ಕನ ಆಟ ಎಂದಳು 'ಯಾಕೆ'. ಹಾಗಾದರೆ ಎಲ್ಲರೂ ಮಲಗುವುದೇಕೆ ಎಂದು ದೀಪದಕ್ಕ ಕೇಳಿದಳು.

"ನೀವು ಬಂದು ಹೋದ್ಮೇಲೆ ಮಲಗ್ತಾರಲ್ಲ," ಎಂದಳು ಹುಡುಗಿ. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಮಗ್ಗಿ ಒಪ್ಪಿಸಿದಂತೆ ಹೇಳಿದಳು. ನದಿ ದಡದ ಶಾಲೆಯಲ್ಲಿ ಓದುವ ಚಿಕ್ಕಪ್ಪನ ಮಕ್ಕಳೂ ಇದೇ ಆಟ ಆಡುತ್ತಾರಂತೆ, ಅವರಿಂದಲೇ ಕಲಿತದ್ದಂತೆ.

ದೀಪದಕ್ಕ ಪಾಠಕ್ಕೆ ನಿಂತಳು. ಬಾಯಿಪಾಠವಾಗಿದ್ದ ಮಾತುಗಳು ತಾವಾಗಿ ಬರುತ್ತಿದ್ದವು, ಅವಳ ಮನಸ್ಸು ಮಾತ್ರ ಮೈದಾನದಲ್ಲೇ ಇತ್ತು. ಕಿಟಕಿ ಮುಚ್ಚಿ ದೀಪ ಹೊತ್ತಿಸಿದಾಗ ಮಕ್ಕಳು ಯಾವತ್ತಿನಂತೆ ಹೋ ಎನ್ನಲಿಲ್ಲ. ಹೊಳೆಯುವ ತಮ್ಮ ಬೆರಳುಗಳನ್ನು ಎದುರಿಗೆ ಚಾಚಿ ಹಿಡಿದು, ಬೇರೆ ಯಾರದೋ ಕೈ ನೋಡುವಂತೆ ನೋಡುತ್ತ ಕೂತರು. ಕೈ ತೊಳೆಯುವ ಪಾಠ ಮುಗಿಯಿತು. ಅವಳೂ ಬೋಗುಣಿಯಲ್ಲಿ ಇಪ್ಪತ್ತು ಎಣಿಸಿ ತೊಳೆದು ತೋರಿಸಿದಳು. ತೊಳೆದ ಕೈಗಳನ್ನು ಮಕ್ಕಳು ಒಬ್ಬೊಬ್ಬರಾಗಿ ದೀಪದ ಕೆಳಗೆ ಹಿಡಿದರು. ಹಸಿರು ಹೋಗಿತ್ತು.

"ಅಕ್ಕ, ನಿಮ್ದು?" ಎಂದಳು 'ಯಾಕೆ'. "ನಿಮ್ಮ ಕೈ ಯಾವತ್ತೂ ತೋರಿಸಿಲ್ಲ."

ಒಂಬತ್ತು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಎರಡೂ ಕೈ ದೀಪದ ಕೆಳಗೆ ಚಾಚಿದಳು.

ಅವಳ ಬೆರಳಲ್ಲಿ ಒಂದು ದಪ್ಪ ಉಂಗುರವಿತ್ತು. ಮದುವೆ ಮೂರೇ ವರ್ಷಕ್ಕೆ ಮುರಿದಿತ್ತು, ಉಂಗುರ ಮಾತ್ರ ಬೆರಳು ಬಿಟ್ಟಿರಲಿಲ್ಲ. ಗಂಡನಿಗಿಂತ ಉಂಗುರವೇ ನಿಯತ್ತಿನದು ಎಂದು ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಈಗ ಆ ಉಂಗುರದ ಸುತ್ತ ಹಸಿರು ಬಳೆಯೊಂದು ಉರಿಯುತ್ತಿತ್ತು. ಬೆರಳು ಬಗ್ಗಿಸಿದಾಗ ಉಂಗುರದಡಿಯಿಂದ ಇನ್ನಷ್ಟು ಬೆಳಕು ಹೊರಗೆ ಸೋರಿತು. ಐದೂ ಉಗುರುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆಗಳು. ಮಕ್ಕಳು ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಮೆಲ್ಲಗೆ ಬಾಯಿ ಮುಚ್ಚಿಕೊಂಡರು.

ಅಂದು ಅವಳು ಯಾರಿಗೂ ನೀರು ಕುಡಿಸಲಿಲ್ಲ. ಕ್ಯಾನಿನ ನೀರು ಕೆಟ್ಟಿದೆ ಎಂದು ಹೇಳಿ ಹಿತ್ತಲಿಗೆ ಹೊತ್ತುಕೊಂಡು ಹೋಗಿ ಮೋರಿಗೆ ಸುರಿದಳು. ಮುಂದಿನ ಎರಡು ಶಾಲೆಗೆ ಹೋಗಲಿಲ್ಲ. ಕಚೇರಿಗೆ ಹಿಂತಿರುಗಿ, ಡ್ರೈವರ್ ಹತ್ತಿರ ವ್ಯಾನಿನ ಓಡಾಟದ ಪುಸ್ತಕ ಕೇಳಿದಳು. ಅದು ಯಾವತ್ತಿನಿಂದ ಓದುವ ಪುಸ್ತಕವಾಯಿತು ಎಂದು ರೇಗಿಸಲು ಹೊರಟವನು ಅವಳ ಮುಖ ನೋಡಿ ತೆಗೆದುಕೊಟ್ಟ.

ಅದರ ಪಕ್ಕದಲ್ಲಿ ಜಿಲ್ಲೆಯ ಜ್ವರದ ರಿಜಿಸ್ಟರ್ ಬಿಡಿಸಿಟ್ಟಳು. ಕಾರ್ಖಾನೆಯ ಹಿಂದಿನ ಶಾಲೆ: ಅವಳು ಹೋದ ಹನ್ನೆರಡನೇ ದಿನ ಮೊದಲ ಜ್ವರ. ನದಿ ದಡದ ಶಾಲೆ: ಹದಿನಾಲ್ಕನೇ ದಿನ. ಟ್ಯಾಂಕಿನ ಶಾಲೆ: ಹನ್ನೊಂದನೇ ದಿನ. ಮೂರೂ ಕಡೆ ಅವಳು ಹೋಗಿದ್ದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತಿನಲ್ಲೇ ಹೋಗಿದ್ದ ಶಾಲೆಗಳಲ್ಲಿ ಒಂದು ಮಗುವಿಗೂ ಏನೂ ಆಗಿರಲಿಲ್ಲ. ತನ್ನ ಕೈಯಳತೆಯ ಸಕ್ಕರೆ ನೀರು, ಬಿಸಿಲು, ಮುಚ್ಚಿದ ಕ್ಯಾನು, ಏಳೆಂಟು ಗಂಟೆ. ಕ್ರಿಮಿ ಹೇಗೆ ಬೆಳೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಪಾಠವೂ ಅವಳದೇ ಆಗಿತ್ತು.

ಹದಿನಾಲ್ಕನೇ ವಯಸ್ಸಿನಲ್ಲಿ ಅವಳಿಗೆ ಇದೇ ಜ್ವರ ಬಂದು ವಾಸಿಯಾಗಿತ್ತು. ನೂರರಲ್ಲಿ ಮೂರು ನಾಲ್ಕು ಜನರಿಗೆ ಜ್ವರ ಬಿಟ್ಟರೂ ಕ್ರಿಮಿ ಬಿಡುವುದಿಲ್ಲ, ಪಿತ್ತಕೋಶದಲ್ಲಿ ಮನೆ ಮಾಡಿಕೊಂಡು ಹತ್ತಾರು ವರ್ಷ ಕೂತಿರುತ್ತದೆ, ಹೊತ್ತವರಿಗೆ ನೆಗಡಿಯಷ್ಟೂ ತೊಂದರೆ ಕೊಡುವುದಿಲ್ಲ ಎಂದು ಅವಳು ಓದಿದ್ದಳು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ಪಡೆದಿದ್ದಳು.

ಪ್ರಯೋಗಾಲಯದ ಡಾಕ್ಟರಮ್ಮ ಅವಳ ಹಳೆಯ ಗೆಳತಿ. ದೀಪದಕ್ಕ ತನ್ನದೇ ಮಾದರಿಯ ಡಬ್ಬಿಯ ಮೇಲೆ ತನ್ನದೇ ಹೆಸರು ಬರೆದು ಕೊಟ್ಟಾಗ ಅವಳು ನಕ್ಕು, ನಿಂಗೇನೂ ಇರಲ್ಲ, ನೀನು ಕೈ ತೊಳೆದು ತೊಳೆದೇ ಸವೆದು ಹೋಗಿದ್ದೀಯ ಎಂದಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ಕರೆದು, ಬಾಗಿಲು ಹಾಕಿ ಕೂರಿಸಿದಳು.

"ಮೂರು ಸಲ ನೋಡ್ದೆ," ಎಂದಳು. ಕ್ರಿಮಿ ಸಿಕ್ಕಿದೆ ಎಂದು ಬರೆದ ವರದಿಯನ್ನು ಅವಳ ಕಡೆ ತಿರುಗಿಸಿಟ್ಟಳು.

ದೀಪದಕ್ಕ ಮನೆಗೆ ಹೋದಳು. ಮನೆಯಲ್ಲಿದ್ದುದು ಅವಳು ಮತ್ತು ಅವಳ ಅಮ್ಮ ಇಬ್ಬರೇ. ಎಪ್ಪತ್ತೆರಡರ ಅಮ್ಮ ಈಗಲೂ ಅಡುಗೆಮನೆ ಬಿಟ್ಟುಕೊಟ್ಟಿರಲಿಲ್ಲ. ಮಗಳು ಒಲೆಯ ಹತ್ತಿರ ಸುಳಿದರೆ ಸಾಕು, ನಿಂಗೆ ಕೈಗುಣ ಇಲ್ಲ, ನೀನು ಮುಟ್ಟಿದ್ದು ರುಚಿಸಲ್ಲ, ಹೋಗಿ ಕೂತ್ಕೋ ಎಂದು ಅಟ್ಟುತ್ತಿದ್ದಳು. ಮನೆಗೆ ಬಂದವರ ಎದುರಿಗೂ ಅದನ್ನೇ ಹೇಳುತ್ತಿದ್ದಳು. ಚಿಕ್ಕಂದಿನಿಂದ ಕೇಳಿ ಕೇಳಿ ಅದು ಮನೆಯ ಹಳೇ ತಮಾಷೆಯಾಗಿತ್ತು. ಮಗಳೂ ನಗುತ್ತಿದ್ದಳು.

ಈಗ ಅವಳು ಹೊಸ್ತಿಲಲ್ಲೇ ನಿಂತು, ಪರೀಕ್ಷೆಯಲ್ಲಿ ಏನು ಬಂತೆಂದು ಹೇಳಿದಳು. ಅಮ್ಮ ಒಲೆ ಆರಿಸಿದಳು. ಆಮೇಲೆ ಆರಿದ ಒಲೆಯ ಕಡೆಗೇ ಮುಖ ಮಾಡಿ ನಿಂತಳು. ಅವಳ ಬೆನ್ನು ನೋಡುತ್ತ ನೋಡುತ್ತ ಮಗಳಿಗೆ ಹೊಳೆಯಿತು: ಅಮ್ಮ ಬೆಚ್ಚಿರಲಿಲ್ಲ.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಾನೂ ಅಲ್ಲ," ಎಂದಳು ಅಮ್ಮ. "ಗೊತ್ತಿರ್ಲಿಲ್ಲ ಅಂತಾನೂ ಅಲ್ಲ. ಹೆದರಿಕೆ ಇತ್ತು, ಅಷ್ಟೆ."

ತುಂಡು ತುಂಡಾಗಿ ಹೇಳಿದಳು. ಮಗಳ ಜ್ವರ ಬಿಟ್ಟ ಐದು ತಿಂಗಳಿಗೆ ಅಮ್ಮ ಒಂದು ವಾರ ತನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಆ ವಾರ ಮನೆಯ ಅಡುಗೆ ದೊಡ್ಡವಳದು. ಅಮ್ಮ ಬಂದ ಮೇಲೆ ಚಿಕ್ಕವಳಿಗೆ, ದೀಪದಕ್ಕನ ತಂಗಿಗೆ, ಜ್ವರ ಶುರುವಾಯಿತು. ಒಂಬತ್ತು ವರ್ಷದ ಚಿಕ್ಕವಳು ಮತ್ತೆ ಏಳಲಿಲ್ಲ. ಮರುವರ್ಷ ಮಹಡಿಯ ಮೇಲಿದ್ದ ಬಾಡಿಗೆಯವರಿಗೆ ಹುಷಾರಿಲ್ಲದಾಗ ದೊಡ್ಡವಳು ನಾಲ್ಕು ದಿನ ಊಟ ಒಯ್ದು ಕೊಟ್ಟಳು. ಮತ್ತೆ ಅದೇ ಜ್ವರ, ಇಬ್ಬರಿಗೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ, ಕ್ರಿಮಿ ಗಿಮಿ ತಿಳಿಯುತ್ತಿರಲಿಲ್ಲ. ಆದರೆ ಎರಡು ಸಲ ನೋಡಿದ್ದನ್ನು ಮೂರನೇ ಸಲ ನೋಡುವ ಧೈರ್ಯ ಅವಳಿಗಿರಲಿಲ್ಲ. ಅಂದಿನಿಂದ ಮಗಳಿಗೆ ಕೈಗುಣವಿಲ್ಲ ಎಂಬ ಮಾತು ಹುಟ್ಟಿಸಿದಳು. ಅಮ್ಮನಿಗೂ ಎಂದೋ ಆ ಜ್ವರ ಬಂದು ಹೋಗಿದ್ದರಿಂದಲೋ ಏನೋ, ಅವಳಿಗೆ ಮಾತ್ರ ಏನೂ ಆಗಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ತಂಗಿ ತಲೆ ಹತ್ರ ಹಗಲೂ ರಾತ್ರಿ ಕೂತಿದ್ದೆ. ಕೈಯಾರೆ ಗಂಜಿ ಕುಡಿಸ್ತಿದ್ದೆ. ನಿನ್ನಿಂದ್ಲೇ ಅಂತ ಹೇಳಿ ನಿನ್ನನ್ನೂ ಕಳ್ಕೊಳ್ಬೇಕಿತ್ತಾ ನಾನು?" ಅಮ್ಮ ಈಗ ತಿರುಗಿದಳು. "ನರ್ಸ್ ಆಗ್ತೀನಿ ಅಂದಾಗ ನಿದ್ದೆ ಬರ್ಲಿಲ್ಲ. ಆಮೇಲೆ ಪಾಠ ಹೇಳೋ ಕೆಲಸ ಅಂದೆ. ಬರೀ ಮಾತಾಡೋದು ತಾನೆ, ಮಾತಿಂದ ಯಾರಿಗೆ ಏನಾಗುತ್ತೆ ಅಂದ್ಕೊಂಡೆ. ನೀರು ಕುಡಿಸ್ತೀಯ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ."

ದೀಪದಕ್ಕನಿಗೆ ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದ್ದು ಒಂದು ನೆನಪು. ತಂಗಿ ಜ್ವರದಲ್ಲಿ ಬಡಬಡಿಸುತ್ತ, ಬೇರೆ ಯಾರು ಕೊಟ್ಟರೂ ಬಾಯಿ ತೆರೆಯದೆ, ಅಕ್ಕನೇ ಕುಡಿಸಲಿ ಎಂದು ಹಟ ಮಾಡುತ್ತಿದ್ದುದು.

ಮರುದಿನ ಅವಳು ಇಲಾಖೆಗೆ ಎಲ್ಲವನ್ನೂ ಬರೆದುಕೊಟ್ಟಳು. ಮೇಲಧಿಕಾರಿ ಓದಿ, ಕಾಗದ ಇಲ್ಲೇ ಇರಲಿ, ಮೊದಲು ಚಿಕಿತ್ಸೆ ತಗೊಳ್ಳಿ, ಜನರಿಗೆ ಹೇಳಿ ಸುಮ್ಮನೆ ಗಾಬರಿ ಯಾಕೆ ಎಂದ. ಅವಳು ಒಪ್ಪಲಿಲ್ಲ. ಮೂರೂ ಶಾಲೆಗಳಿಗೆ ಹೋಗಿ, ಗೇಟಿನ ಹೊರಗೇ ನಿಂತು, ಹೆಡ್ ಮಾಸ್ತರರಿಗೆ, ಮೇಡಮ್ಮಿಗೆ ಹೇಳಿದಳು. ಮಲಗಿ ಎದ್ದ ಹದಿನೆಂಟು ಮಕ್ಕಳ ಮನೆಗಳಿಗೂ ಹೋದಳು. ಮೆಟ್ಟಿಲು ಹತ್ತಲಿಲ್ಲ, ಯಾರ ಕದದ ಚಿಲಕವನ್ನೂ ಮುಟ್ಟದೆ ಹೆಸರು ಹಿಡಿದು ಕೂಗುತ್ತಿದ್ದಳು. ಕೆಲವರು ಬೈದರು. ಒಬ್ಬ ತಂದೆ ಅವಳು ನಿಂತಿದ್ದ ಕಲ್ಲಿನ ಮೇಲೆ ಬಕೆಟ್ಟು ನೀರು ಸುರಿದ. ಒಬ್ಬ ತಾಯಿ ಅಯ್ಯೋ ಪಾಪ, ನಿಮಗೆ ಈಗ ಹೇಗಿದೆ ಎಂದು ಕೇಳಿದಳು. ಅದನ್ನು ತಡೆದುಕೊಳ್ಳುವುದೇ ಹೆಚ್ಚು ಕಷ್ಟವಾಯಿತು.

ಟೈಲರಮ್ಮನ ಮನೆಗೆ ಕೊನೆಗೆ ಹೋದಳು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಟೈಲರಮ್ಮ ಮಿಷನ್ನಿನ ಮೇಲೆ ಬಗ್ಗಿ ತೋಳು ಕೂಡಿಸುತ್ತಿದ್ದಳು. ದೀಪದಕ್ಕ ಬೀದಿಯಲ್ಲೇ ನಿಂತು ಹೇಳಿ ಮುಗಿಸುವವರೆಗೂ ಹೊಲಿಗೆ ನಿಲ್ಲಲಿಲ್ಲ. ಮುಗಿದ ಮೇಲೆ ನಿಂತಿತು.

"ಅವತ್ತು ಅವಳು ಏನಾದ್ರೂ ಮಾತಾಡಿದ್ಲಾ, ನಿಮ್ಮ ಹತ್ರ?" ಎಂದು ಕೇಳಿದಳು ಟೈಲರಮ್ಮ.

ಮಾತಾಡಿದ್ದಳು. ಸಾಲಿನಲ್ಲಿ ಎರಡನೇ ಸಲ ಬಂದು ನಿಂತು, ಚೆನ್ನಾಗಿದೆ, ಇನ್ನೊಂದು ಚಮಚ ಕೊಡಿ ಎಂದಿದ್ದಳು. ದೀಪದಕ್ಕ ನಕ್ಕು ಕೊಟ್ಟಿದ್ದಳು. ಇಷ್ಟು ಹೇಳಿದ ಮೇಲೆ ಸುಳ್ಳು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಟೈಲರಮ್ಮ ಎದ್ದು ಬಂದು ಅಂಗಡಿಯ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು.

ಆಪರೇಷನ್ ಮಾಡಿ ದೀಪದಕ್ಕನ ಪಿತ್ತಕೋಶ ತೆಗೆದರು. ಅದರಲ್ಲಿ ಕಡಲೆಕಾಳಿನಷ್ಟು ದಪ್ಪದ ಐದು ಕಲ್ಲುಗಳಿದ್ದವು. ಬೇಕಾದರೆ ನೋಡಿ ಎಂದು ಡಾಕ್ಟರು ಗಾಜಿನ ಸೀಸೆಯಲ್ಲಿ ತಂದು ತೋರಿಸಿದರು. ಮೂವತ್ತು ವರ್ಷ ತನ್ನೊಳಗೆ ಕೂತು, ತನ್ನ ಜೊತೆಗೇ ಶಾಲೆ ಶಾಲೆ ಸುತ್ತಿದ್ದನ್ನು ಅವಳು ನೋಡಿದಳು. ಯಾವುದೋ ಹೊಳೆಯಲ್ಲಿ ಮಕ್ಕಳು ಆಯ್ದ ಕಲ್ಲಿನ ಹಾಗೆ ನುಣ್ಣಗಿದ್ದವು. ಕತ್ತರಿ ಹಾಕಿ ಉಂಗುರವನ್ನೂ ಅಲ್ಲೇ ಕತ್ತರಿಸಿದರು. ನಾಲ್ಕು ವಾರ ಮಾತ್ರೆ ನುಂಗಿದಳು. ತಿಂಗಳಿಗೊಂದರಂತೆ ಮೂರು ಪರೀಕ್ಷೆ ಮಾಡಿದರು, ಮೂರರಲ್ಲೂ ಏನೂ ಸಿಗಲಿಲ್ಲ. ಇಲಾಖೆ ಅವಳನ್ನು ಕಾಗದ ಪತ್ರದ ಕೆಲಸಕ್ಕೆ ಹಾಕಿತು. ಅವಳಿಗೆ ಬಾಗಿಲ ಹಿಡಿ ಮುಟ್ಟುವುದಕ್ಕೂ ಕೈ ಏಳುತ್ತಿರಲಿಲ್ಲ. ಮೊಣಕೈಯಿಂದ ತಳ್ಳಿ ಒಳಗೆ ಹೋಗುತ್ತಿದ್ದಳು. ಯಾರಾದರೂ ಫೈಲು ಕೊಡಲು ಬಂದರೆ ಮೇಜಿನ ಮೇಲಿಡಿ ಎನ್ನುತ್ತಿದ್ದಳು.

ಹೀಗೆ ಆರು ತಿಂಗಳು ಕಳೆದ ಮೇಲೆ ಒಂದು ದಿನ ಡ್ರೈವರ್ ಅವಳ ಕೋಣೆಗೆ ಬಂದು, ಟೈಲರಮ್ಮ ನಿಮ್ಮನ್ನ ಬರಹೇಳಿದಾರೆ ಎಂದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅಂದು ಅವನು ತಮಾಷೆ ಮಾಡಲಿಲ್ಲ.

ಅಂಗಡಿಯ ಬಾಗಿಲು ತೆರೆದಿತ್ತು. ಒಳಗೆ ಕಾಲಿಡುವ ಮೊದಲೇ ದೀಪದಕ್ಕನಿಗೆ ಹಿತ್ತಲಿನಿಂದ ನಲ್ಲಿ ಸುರಿಯುವ ಸದ್ದು ಕೇಳಿಸಿತು. ಟೈಲರಮ್ಮ ಸೊರಗಿ ಹೋಗಿದ್ದಳು. ಕೂರಿ ಎನ್ನಲಿಲ್ಲ. "ನನ್ನ ಕೈಲಿ ಆಗ್ತಿಲ್ಲ," ಎಂದಳು. "ನೀವು ಕಲಿಸಿದ್ದನ್ನ ದೊಡ್ಡವಳು ಮನೆಗೆ ಬಂದು ತಂಗಿಗೆ ಕಲಿಸಿದ್ಲು. ಈಗ ನಿಲ್ಲಿಸ್ತಾನೇ ಇಲ್ಲ. ನೀವೇ ನೋಡಿ."

ಹಿತ್ತಲಿನ ನಲ್ಲಿಯ ಕೆಳಗೆ ಆರು ವರ್ಷದ ಚಿಕ್ಕ ಮಗಳು ಕುಕ್ಕರಗಾಲಿನಲ್ಲಿ ಕೂತಿದ್ದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ಒಂದೂ ತಪ್ಪದಂತೆ, ಸರಿಯಾದ ಕ್ರಮದಲ್ಲಿ ಉಜ್ಜುತ್ತಿದ್ದಳು. ಇಪ್ಪತ್ತಕ್ಕೆ ಬಂದು ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಚರ್ಮ ಬಿರಿದು ಬೆರಳ ಗೆಣ್ಣುಗಳಲ್ಲಿ ಕೆಂಪಗೆ ಸೀಳು ಬಿಟ್ಟಿತ್ತು. ಸೋಪಿನ ನೊರೆ ಗುಲಾಬಿ ಬಣ್ಣದ್ದಾಗಿ ಹರಿಯುತ್ತಿತ್ತು. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ಆಟವಾಡುವ ಮಗುವಿನಷ್ಟೇ ತನ್ನಲ್ಲಿ ತಾನು ಮುಳುಗಿದ್ದಳು.

ದೀಪದಕ್ಕ ಅವಳ ಎದುರಿಗೆ ಒದ್ದೆ ಕಲ್ಲಿನ ಮೇಲೆ ಕೂತಳು. ಮಗು ಎಣಿಕೆ ನಿಲ್ಲಿಸದೆ ಒಂದು ಸಲ ನೋಡಿತು. ಇಪ್ಪತ್ತಾದ ಮೇಲೆ ಸಾಕು, ಶುದ್ಧವಾಯಿತು ಎಂದಳು ದೀಪದಕ್ಕ.

"ಹೇಗೆ ಗೊತ್ತಾಗುತ್ತೆ?" ಎಂದಿತು ಮಗು. "ಕಾಣ್ಸಲ್ಲವಲ್ಲ."

ದೀಪದಕ್ಕನ ಬಳಿ ಸಿದ್ಧ ಉತ್ತರಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಬಿಟ್ಟು ನಿಜವನ್ನೇ ಹೇಳಿದಳು.

"ಗೊತ್ತಾಗಲ್ಲ," ಎಂದಳು. "ಯಾರಿಗೂ ಗೊತ್ತಾಗಲ್ಲ. ಸರಿಯಾಗಿ ತೊಳೆದು ನಿಲ್ಲಿಸ್ಬಿಡ್ಬೇಕು. ನಿಲ್ಲಿಸೋದೂ ಪಾಠಾನೇ. ನಿಮ್ಮಕ್ಕಂಗೆ ಅದನ್ನ ಹೇಳಿಕೊಡೋದು ನಾನು ಮರ್ತಿದ್ದೆ. ಅದು ನನ್ನ ತಪ್ಪು, ಅವಳ್ದಲ್ಲ."

ಇಬ್ಬರೂ ಒಟ್ಟಿಗೆ ಎಣಿಸಿದರು. ಇಪ್ಪತ್ತಕ್ಕೆ ದೀಪದಕ್ಕ ನಲ್ಲಿ ನಿಲ್ಲಿಸಿದಳು. ಮಗು ಮತ್ತೆ ತಿರುಗಿಸಿತು. ಮತ್ತೆ ಎಣಿಸಿದರು, ಮತ್ತೆ ನಿಲ್ಲಿಸಿದಳು. ಗದರಲಿಲ್ಲ, ಮುದ್ದಿಸಲೂ ಇಲ್ಲ. ಎಷ್ಟು ಸಲವಾಯಿತೋ, ಹಿತ್ತಲಿನ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಒಂದು ಸಲ ನಲ್ಲಿ ನಿಂತ ಮೇಲೆ ಮಗುವಿನ ಕೈ ಅದರ ಕಡೆ ಹೋಗಿ, ಅರ್ಧದಲ್ಲೇ ತಡೆದು, ಗಾಳಿಯಲ್ಲೇ ನಿಂತಿತು. ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗು ಅಳತೊಡಗಿತು. ಅಕ್ಕ ಸತ್ತ ದಿನದಿಂದ ಅವಳು ಅತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಟೈಲರಮ್ಮ ಒಂದು ಮುಲಾಮಿನ ಡಬ್ಬಿ ತಂದು ದೀಪದಕ್ಕನ ಪಕ್ಕದಲ್ಲಿಟ್ಟಳು. ದೀಪದಕ್ಕ ಅದನ್ನು ಅವಳ ಕಡೆಗೇ ಸರಿಸಿದಳು. ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಕವುಚಿ ಇಟ್ಟುಕೊಂಡಿದ್ದಳು.

"ಹಚ್ಚಿ," ಎಂದಳು ಟೈಲರಮ್ಮ.

ಕೈ ಪೂರ್ತಿ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ದೀಪದಕ್ಕ ವಾರಕ್ಕೆರಡು ಸಲ ಕಚೇರಿ ಮುಗಿಸಿ ಬಂದು ಆ ಕಲ್ಲಿನ ಮೇಲೆ ಕೂರುತ್ತಿದ್ದಳು. ಟೈಲರಮ್ಮ ಅವಳ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಬಾ ಎಂದೂ ಹೇಳುತ್ತಿರಲಿಲ್ಲ, ಬಾಗಿಲು ಮಾತ್ರ ತೆರೆದಿರುತ್ತಿತ್ತು. ಮಗುವಿನ ಕೈಗಳು ಈಗ ಎಲ್ಲ ಮಕ್ಕಳ ಕೈಗಳಂತಾಗಿವೆ. ಮಣ್ಣಲ್ಲಿ ಆಡುತ್ತಾಳೆ, ಊಟಕ್ಕೆ ಮೊದಲು ಒಂದು ಸಲ ತೊಳೆದು ಎದ್ದು ಬರುತ್ತಾಳೆ. ಎಣಿಕೆ ಮಾತ್ರ ನಿಂತಿಲ್ಲ. ಬೆಂಚಿನಲ್ಲಿ ಸುಮ್ಮನೆ ಕೂತಿರುವಾಗಲೂ, ಯಾರ ಜೊತೆಗಾದರೂ ನಗುತ್ತಿರುವಾಗಲೂ, ಹತ್ತಿರ ಹೋಗಿ ನೋಡಿದರೆ ಅವಳ ತುಟಿಗಳು ಸಣ್ಣಗೆ ಅಲುಗುತ್ತಿರುತ್ತವೆ.